ಮೂರು ಹಾಡಿನ ಹೆಸರು ಹೇಳಿ ನೋಡೋಣ

2015ರ ಮಾತು. ನಮ್ಮ ಆಫೀಸಿನ ಲಿಫ್ಟು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಪ್ಪು ಟೀ ಶರ್ಟ್ ಹಾಕಿಕೊಂಡು ಬಂದಿದ್ದಳು. ಅದರ ಮೇಲೆ ಹಳದಿ ಗೆರೆಯ ನಗುಮುಖ, ಕಣ್ಣಿನ ಜಾಗದಲ್ಲಿ ಎರಡು ಇಂಟು ಮಾರ್ಕು, ಮೇಲೆ ನಿರ್ವಾಣಾ ಅಂತ ಹೆಸರು. ನನ್ನ ಪಕ್ಕ ನಿಂತಿದ್ದ ಮಹಾಶಯ ಅದನ್ನೇ ನೋಡಿ, "ನಿರ್ವಾಣಾ ಫ್ಯಾನಾ? ಮೂರು ಹಾಡಿನ ಹೆಸರು ಹೇಳಿ ನೋಡೋಣ" ಅಂದ. ಆಕೆ ಒಂದು ಹೆಸರು ಹೇಳಿದಳು. ಎಲ್ಲರೂ ಹೇಳುವ ಹಾಡೇ. "ಅದು ಬಿಟ್ಟು?" ಅಂದ. ಐದನೇ ಮಹಡಿ ಬಂತು, ಇಳಿದು ಹೋದಳು. ಆ ಟೀ ಶರ್ಟು ಮತ್ತೆ ನಮ್ಮ ಆಫೀಸಿನಲ್ಲಿ ಕಾಣಲಿಲ್ಲ.

ನಾನೇನು ಮಾಡಿದೆ ಅಂತ ಕೇಳ್ತೀರಾ? ನಕ್ಕೆ. ಅವನ ಜೊತೆ ಸೇರಿಕೊಂಡೇ ನಕ್ಕೆ.

ಈ ಬರಹ ಆ ಪ್ರಶ್ನೆಯ ವಿರುದ್ಧ. ಬೆಂಗಳೂರಿನ ಯಾವ ಪಬ್ಬಿಗೆ ಹೋಗಿ, ಯಾವ ಗಿಗ್ಗಿಗೆ ಹೋಗಿ, ಯಾವ ಆಫೀಸಿನ ಕೆಫೆಟೇರಿಯಾದಲ್ಲಿ ಕೂತು ನೋಡಿ, ರಾಕ್ ಕೇಳೋರು ನಾಲ್ಕು ಜನ ಸೇರಿದರೆ ಅದರಲ್ಲಿ ಒಬ್ಬ ಪರೀಕ್ಷಕ ಇದ್ದೇ ಇರ್ತಾನೆ. ಹಾಲ್ ಟಿಕೆಟ್ ತೋರಿಸದೆ ಯಾರನ್ನೂ ಒಳಗೆ ಬಿಡಲ್ಲ. ಈ ಪರೀಕ್ಷಕರ ಮೇಲೆ ನನಗೆ ಸಿಟ್ಟಿದೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇರೋದರಿಂದ ಸಿಟ್ಟು ಸ್ವಲ್ಪ ಜಾಸ್ತಿಯೇ ಇದೆ.

ನನಗೆ ರಾಕ್ ಸಿಕ್ಕಿದ್ದು ರೋಜಾದಲ್ಲಿ. ಹೂವಲ್ಲ, ಮಣಿರತ್ನಂ ಸಿನಿಮಾನೂ ಅಲ್ಲ. ಕಲಬುರಗಿಯಲ್ಲಿ ಖಾಜಾ ಬಂದೇನವಾಜರ ದರ್ಗಾದ ಸುತ್ತ ಇರುವ ಓಣಿಗಳಿಗೆ ರೋಜಾ ಅಂತಾರೆ. 1422ರಲ್ಲಿ ತೀರಿಕೊಂಡ ಸೂಫಿ ಸಂತರ ಗೋರಿಯಿಂದ, ಅಂದರೆ ರೌಜಾದಿಂದ ಬಂದ ಹೆಸರು. ನಮ್ಮೂರು ಕಮಲಾಪುರದ ಹತ್ತಿರದ ಹಳ್ಳಿ. ಕೆಂಪು ಬಾಳೆಹಣ್ಣಿನ ಕಮಲಾಪುರ. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರ್ತಾರಲ್ಲ, ಅದೇ ಜಾತಿ. ಅಲ್ಲಿಂದ ಕಲಬುರಗಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. 2006ರಲ್ಲಿ ಬಿಇಗೆ ಸೇರಿದಾಗ ದಿನಾ ಓಡಾಡೋದು ಆಗಲ್ಲ ಅಂತ ನಮ್ಮ ಕಡೆಯ ಮೂವರು ಹುಡುಗರು ಸೇರಿ ರೋಜಾದಲ್ಲಿ ಒಂದು ರೂಮು ಹಿಡಿದೆವು. ಬಾಡಿಗೆ ಕಮ್ಮಿ, ಮೇಲೆ ಪತ್ರಾಸ್. ಏಪ್ರಿಲ್ ಮೇ ತಿಂಗಳಲ್ಲಿ ಆ ರೂಮಿನೊಳಗೆ ಮನುಷ್ಯರು ಮಲಗೋಕಾಗ್ತಿರಲಿಲ್ಲ. ಪಕ್ಕದ ಮನೆಯ ಮಾಳಗಿ ಮೇಲೆ ಚಾಪೆ ಹಾಸ್ತಿದ್ದೆವು. ಉರುಸಿನ ದಿನಗಳಲ್ಲಿ ಕವ್ವಾಲಿ ಮಾಳಗಿ ತನಕ ಬರ್ತಿತ್ತು. ಉಳಿದ ರಾತ್ರಿಗಳಿಗೆ ಮೊಬೈಲ್ ಫೋನು.

ಫೋನಿಗೆ ಹಾಡು ಬೇಕಲ್ಲ. ಇಂಟರ್ನೆಟ್ ಅಂದರೆ ಸೈಬರ್ ಕೆಫೆ, ಗಂಟೆಗೆ ಇಪ್ಪತ್ತು ರೂಪಾಯಿ, ಅದೂ ಮೌಸ್ ಕೆಲಸ ಮಾಡಿದರೆ. ಹಾಡು ಸಿಗ್ತಿದ್ದದ್ದು ಓಣಿಯ ತುದಿಯ ಮೊಬೈಲ್ ಅಂಗಡಿಯಲ್ಲಿ. ರೀಚಾರ್ಜ್, ರಿಪೇರಿ, ಮೆಮರಿ ಕಾರ್ಡಿಗೆ ಹಾಡು ತುಂಬೋದು. ಅಂಗಡಿಯವರನ್ನು ನಾವೆಲ್ಲ ಭಾಯಿ ಅಂತಿದ್ದೆವು. ಏಳನೇ ಕ್ಲಾಸಿನ ತನಕ ಓದಿದವರು, ಇಂಗ್ಲಿಷ್ ಬರ್ತಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಫೋಲ್ಡರುಗಳಿದ್ದವು: ನ್ಯೂ ಕನ್ನಡ, ಓಲ್ಡ್ ಹಿಂದಿ, ಕವ್ವಾಲಿ, ಭಕ್ತಿ, ಡಿಜೆ, ಇಂಗ್ಲಿಷ್. ಈ ಸಂಗ್ರಹ ಬೆಳೆದ ರೀತಿ ನಿಮಗೆ ಹೇಳಬೇಕು. ಯಾರೇ ಕಾರ್ಡು ತಂದರೂ ಭಾಯಿ ಹಾಡು ತುಂಬುವ ಮೊದಲು ಅವರ ಕಾರ್ಡಿನಲ್ಲಿದ್ದದ್ದನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ತಿದ್ದರು. ಮೆಡಿಕಲ್ ಓದೋಕೆ ದೂರದೂರಿಂದ ಬಂದ ಹುಡುಗರು ಬರ್ತಿದ್ದರು, ಟೈರ್ ಅಂಗಡಿಯವರು ಬರ್ತಿದ್ದರು, ನಮ್ಮಂಥ ಹಳ್ಳಿ ಹುಡುಗರು ಬರ್ತಿದ್ದೆವು. ಒಬ್ಬರ ಕಾರ್ಡಿನಿಂದ ಬಂದದ್ದು ಇನ್ನೊಬ್ಬರ ಕಾರ್ಡಿಗೆ ಹೋಗ್ತಿತ್ತು. ಯಾವ ಹಾಡು ಯಾರು ತಂದರು ಅನ್ನೋದಕ್ಕೆ ಲೆಕ್ಕ ಇರಲಿಲ್ಲ.

ಕಳ್ಳ ಮಾಲು, ಒಪ್ಪಿಕೊಳ್ತೀನಿ. ಆ ಹಾಡುಗಳಿಗೆ ಒಂದು ಪೈಸೆಯೂ ಹಾಡಿದವರಿಗೆ ಹೋಗಿಲ್ಲ. ಆಮೇಲೆ ಟಿಕೆಟ್ಟು, ಸೀಡಿ, ಟೀ ಶರ್ಟು ಅಂತ ನಾನು ಸುರಿದ ದುಡ್ಡು ನೋಡಿದರೆ ಬಡ್ಡಿ ಸಮೇತ ತೀರಿಸಿದ್ದೀನಿ ಅಂತ ನನ್ನ ಹೆಂಡತಿ ಹೇಳ್ತಾಳೆ. ಅದು ಹೊಗಳಿಕೆ ಅಲ್ಲ.

ಒಂದು ಸಲ ನಾನು ಹಿಂದಿ ಹಾಡು ತುಂಬಿಸಿಕೊಂಡೆ. ಕಾರ್ಡಿನಲ್ಲಿ ಇನ್ನೂ ಜಾಗ ಉಳಿದಿತ್ತು. "ಖಾಲಿ ಯಾಕ ಒಯ್ತಿ, ಇವೂ ಇರ್ಲಿ" ಅಂತ ಭಾಯಿ ಇಂಗ್ಲಿಷ್ ಫೋಲ್ಡರಿನಿಂದ ಒಂದಿಷ್ಟು ಎಳೆದು ಹಾಕಿದರು. ರೂಮಿಗೆ ಬಂದು ನೋಡಿದರೆ ಅದರಲ್ಲಿ ಒಂದರ ಹೆಸರು "ಟ್ರ್ಯಾಕ್ 04", ಹಾಡಿದವರು "ಅನ್‌ನೋನ್ ಆರ್ಟಿಸ್ಟ್". ಒತ್ತಿದೆ. ರೇಡಿಯೋ ಸ್ಟೇಷನ್ ತಿರುಗಿಸುವ ಸದ್ದು. ಯಾರೋ ಮಾತಾಡ್ತಾರೆ, ಏನೋ ವಾದ್ಯ ಬಂದು ಹೋಗುತ್ತೆ, ಗರಗರ. ನಮ್ಮಜ್ಜ ಆಕಾಶವಾಣಿ ಹಿಡಿಯೋಕೆ ರೇಡಿಯೋದ ಕಿವಿ ತಿರುಗಿಸುವಾಗ ಬರ್ತಿದ್ದ ಅದೇ ಸದ್ದು. ಮರುದಿನ ಅಂಗಡಿಗೆ ಹೋಗಿ, "ಭಾಯಿ, ಫೈಲ್ ಖರಾಬ್ ಆಗ್ಯದ್ರಿ" ಅಂದೆ. ಅವರು ತಲೆ ಎತ್ತಲಿಲ್ಲ, ಯಾರದೋ ಫೋನು ಬಿಚ್ಚಿಕೊಂಡು ಕೂತಿದ್ದರು. "ಪೂರಾ ಸುನ್ ರೇ. ಅದು ಹಂಗೇ ಅದ" ಅಂದರು.

ಪೂರ್ತಿ ಕೇಳಿದೆ. ಆ ಗರಗರದ ನಂತರ ದೂರದಲ್ಲಿ, ಸಣ್ಣ ರೇಡಿಯೋದೊಳಗಿಂದ ಬಂದ ಹಾಗೆ, ಒಂದು ಗಿಟಾರು ಶುರುವಾಗುತ್ತೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಿಟಾರು ಬರುತ್ತೆ. ಇದು ರೇಡಿಯೋದಲ್ಲಿಲ್ಲ, ಇಲ್ಲೇ ಪಕ್ಕದಲ್ಲಿ ಕೂತು ಯಾರೋ ಬಾರಿಸ್ತಿದ್ದಾರೆ. ರೇಡಿಯೋದಲ್ಲಿ ಬರೋದನ್ನು ಕೇಳಿಕೊಂಡು ಅದರ ಜೊತೆ ತಾನೂ ನುಡಿಸುವ ಮನುಷ್ಯ. ಇಂಗ್ಲಿಷಿನಲ್ಲಿ ಏನು ಹಾಡ್ತಿದ್ದಾನೆ ಅಂತ ನನಗೆ ಅರ್ಧ ಅರ್ಥ ಆಗಲಿಲ್ಲ. ಯಾರನ್ನೋ ನೆನೆಸ್ತಿದ್ದಾನೆ ಅಂತ ಮಾತ್ರ ಗೊತ್ತಾಯ್ತು. ಆ ರಾತ್ರಿ ಹನ್ನೊಂದೋ ಹನ್ನೆರಡೋ ಸಲ ಕೇಳಿದೆ, ಬ್ಯಾಟರಿ ಸಾಯುವ ತನಕ.

ನಮ್ಮ ರೂಮಿನಲ್ಲಿ ಅದಕ್ಕೆ "ರೇಡಿಯೋ ಹಾಡು" ಅಂತ ಹೆಸರಾಯ್ತು. ಕಾಲೇಜಿನಲ್ಲಿ ಎಷ್ಟೋ ಜನ ನನ್ನಿಂದ ಬ್ಲೂಟೂತಿನಲ್ಲಿ ಇಸಗೊಂಡರು. "ಏ, ಆ ರೇಡಿಯೋ ಹಾಡು ಕೊಡಲೇ." ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ: ಬ್ಲೂಟೂತಿನಲ್ಲಿ ಹಾಡು ಕೊಡಬೇಕಾದರೆ ಇಬ್ಬರೂ ಒಂದು ಕಡೆ ಕೂತುಕೊಳ್ಳಬೇಕು. ಎರಡು ಫೋನು ಪಕ್ಕಪಕ್ಕ ಇಟ್ಟು ಕಾಯಬೇಕು. ಮಧ್ಯ ಕಾಲ್ ಬಂದರೆ ಮೊದಲಿಂದ ಶುರು. ಕಾಯುವಾಗ ಮಾತಾಡದೆ ಇರೋಕಾಗಲ್ಲ. ನನ್ನ ಇವತ್ತಿನ ಗೆಳೆಯರಲ್ಲಿ ಇಬ್ಬರು ಆ ಕಾಯುವಿಕೆಯಲ್ಲಿ ಸಿಕ್ಕವರು.

ಮೂರು ವರ್ಷ. ಮೂರು ವರ್ಷ ನಾನು ಆ ಹಾಡನ್ನು ಹೆಸರಿಲ್ಲದೆ ಪ್ರೀತಿಸಿದೆ. ಯಾರೂ ಕೇಳಲಿಲ್ಲ ಯಾವ ಬ್ಯಾಂಡು, ಯಾವ ವರ್ಷ ಅಂತ. ಕೇಳಿದ್ದರೆ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಕೇಳಿದ್ದು ಬೆಂಗಳೂರು. 2010ರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದೆ, ಕೆಲಸಕ್ಕೆ ಸೇರಿದೆ. ಮೊದಲನೇ ವಾರ ಟೀಮ್ ಲಂಚು. "ಯಾವ ಮ್ಯೂಸಿಕ್ ಕೇಳ್ತೀರಾ?" ಅಂದರು. "ರಾಕ್" ಅಂದೆ. ಆ ಮಾತು ಹೇಗೋ ಕಲಿತಿದ್ದೆ. "ಓಹ್, ಯಾವ ಬ್ಯಾಂಡ್?" ಅಂದರು. ನಾನು ಪಾಪ, ಪ್ರಾಮಾಣಿಕವಾಗಿ, ಅನ್ನ ಸಾರು ಬಿಟ್ಟು ವಿವರಿಸೋಕೆ ಶುರು ಮಾಡಿದೆ. ಮೊದಲು ರೇಡಿಯೋ ಬರುತ್ತೆ, ಆಮೇಲೆ ಸಣ್ಣ ಗಿಟಾರು, ಆಮೇಲೆ ದೊಡ್ಡ ಗಿಟಾರು ಅಂತ. ಬಾಯಲ್ಲೇ ಗರಗರ ಸದ್ದು ಮಾಡಿ ತೋರಿಸಿದೆ. ಒಂದು ಕ್ಷಣ ಮೌನ. ಆಮೇಲೆ ಒಬ್ಬ ಟೇಬಲ್ ತಟ್ಟಿ ನಕ್ಕ. "ವಿಶ್ ಯೂ ವರ್ ಹಿಯರ್! ಪಿಂಕ್ ಫ್ಲಾಯ್ಡ್ ಗುರೂ! ಪಿಂಕ್ ಫ್ಲಾಯ್ಡ್ ಕೇಳ್ತೀಯಾ, ಪಿಂಕ್ ಫ್ಲಾಯ್ಡ್ ಅಂತ ಗೊತ್ತಿಲ್ವಾ?" ಇನ್ನೊಬ್ಬ, "ಗುಲ್ಬರ್ಗಾದಲ್ಲಿ ಫ್ಲಾಯ್ಡಾ?" ಅಂದ. ಎರಡು ವರ್ಷ ನನ್ನ ಅಡ್ಡಹೆಸರು "ಟ್ರ್ಯಾಕ್ ಫೋರ್".

ಅವನು ಒಂದೇ ಉಸಿರಿನಲ್ಲಿ ನನಗೆ ಎರಡು ವಸ್ತು ಕೊಟ್ಟ, ಹೆಸರು ಮತ್ತು ಅವಮಾನ. ಹೆಸರಿಗೆ ಇವತ್ತಿಗೂ ಋಣಿ. ಆ ಸಂಜೆಯೇ ಹುಡುಕಿದೆ. 1975ರ ಆಲ್ಬಂ, ನಿಜಕ್ಕೂ ನಾಲ್ಕನೇ ಹಾಡು. ಬ್ಯಾಂಡು ಕಟ್ಟಿದ ಗೆಳೆಯ ಸಿಡ್ ಬ್ಯಾರೆಟ್ ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ದೂರವಾಗಿದ್ದ. ಆ ಆಲ್ಬಂ ತುಂಬ ಅವನು ಇಲ್ಲದಿರುವುದೇ ಇದೆ. ಆ ಗರಗರ ಸದ್ದು ಡೇವಿಡ್ ಗಿಲ್ಮೋರ್ ತನ್ನ ಕಾರಿನ ರೇಡಿಯೋದಿಂದ ಹಿಡಿದದ್ದು. ಅಜ್ಜನ ರೇಡಿಯೋ ಅಂತ ನಾನು ಅಂದುಕೊಂಡಿದ್ದು ತಪ್ಪೇನೂ ಆಗಿರಲಿಲ್ಲ.

ಆದರೆ ಅವಮಾನವೂ ಕೆಲಸ ಮಾಡ್ತು. ನಾವು ಪರೀಕ್ಷೆಗೆ ಓದಿ ಓದಿ ಬಂದವರಲ್ಲವಾ, ಸಿಲೆಬಸ್ ಸಿಕ್ಕರೆ ಬಿಡ್ತೀವಾ? ಬ್ಯಾಂಡುಗಳ ಹೆಸರು, ಆಲ್ಬಂ, ವರ್ಷ, ಯಾರು ಯಾವಾಗ ಬಿಟ್ಟುಹೋದರು, ಎಲ್ಲ ಎಕ್ಸೆಲ್ ಶೀಟಿನಲ್ಲಿ ಬರೆದು ಬಾಯಿಪಾಠ ಮಾಡಿದೆ. ಸುಳ್ಳಲ್ಲ, ಆ ಶೀಟು ಇನ್ನೂ ಇದೆ. ಒಂದೂವರೆ ವರ್ಷದಲ್ಲಿ ಪರೀಕ್ಷೆ ಬರೆಯುವವನಿಂದ ಪರೀಕ್ಷೆ ನಡೆಸುವವನಾಗಿ ಬಡ್ತಿ ಸಿಕ್ತು. 2011ರ ಅಕ್ಟೋಬರ್ 30ಕ್ಕೆ ಅರಮನೆ ಮೈದಾನದಲ್ಲಿ ಮೆಟಾಲಿಕಾ. ಅದಕ್ಕೆ ಎರಡು ದಿನ ಮೊದಲು ದೆಹಲಿ ಹತ್ತಿರದ ಗುರ್‌ಗಾಂವಿನಲ್ಲಿ ಆಗಬೇಕಿದ್ದ ಶೋ ರದ್ದಾಗಿತ್ತು. ಅಲ್ಲಿಂದ ಸಿಕ್ಕಿದ ರೈಲು, ಸಿಕ್ಕಿದ ವಿಮಾನ ಹತ್ತಿ ಬಂದವರು ನಮ್ಮ ಸುತ್ತಮುತ್ತಲೇ ನಿಂತಿದ್ದರು. ಅವರಲ್ಲಿ ಒಬ್ಬ ಪ್ರತಿ ಹಾಡನ್ನೂ ತಪ್ಪು ತಪ್ಪಾಗಿ, ಕಣ್ಣು ಮುಚ್ಚಿಕೊಂಡು, ಗಂಟಲು ಹರಿಯುವ ಹಾಗೆ ಹಾಡ್ತಿದ್ದ. ನಮ್ಮ ಗುಂಪು ಶೋ ಪೂರ್ತಿ ಅವನನ್ನು ನೋಡಿ ಮುಸಿಮುಸಿ ನಕ್ಕಿತು. ಜೀವಮಾನದಲ್ಲಿ ಒಂದು ಸಲ ಎದುರಿಗೆ ಮೆಟಾಲಿಕಾ ಬಂದಾಗ ನಾನು ನೋಡಿದ್ದು ಯಾರನ್ನು? ಅವನ ತಪ್ಪುಗಳನ್ನು.

ತಮಾಷೆ ಅಂದರೆ ಮೆಟಾಲಿಕಾ ಜಗತ್ತಿಗೆ ಗೊತ್ತಾದದ್ದೇ ಭಾಯಿಯ ಅಂಗಡಿಯ ದಾರಿಯಲ್ಲಿ. 1982ರಲ್ಲಿ ಅವರು ಒಂದು ಡೆಮೊ ಕ್ಯಾಸೆಟ್ ಮಾಡಿದರು, "ನೋ ಲೈಫ್ ಟಿಲ್ ಲೆದರ್" ಅಂತ. ಅದನ್ನು ಹುಡುಗರು ಮನೆಯಲ್ಲಿ ಕಾಪಿ ಮಾಡಿ, ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಕಾಪಿಯ ಕಾಪಿಯ ಕಾಪಿ. ಕಂಪನಿ ಇಲ್ಲ, ಜಾಹೀರಾತಿಲ್ಲ. ಡ್ರಮ್ ಬಾರಿಸುವ ಲಾರ್ಸ್ ಉಲ್ರಿಕ್ ಸ್ವತಃ ಇಂಥ ಕ್ಯಾಸೆಟ್ ವಿನಿಮಯದ ಹುಚ್ಚ. ಅದೇ ಬ್ಯಾಂಡು 2000ದಲ್ಲಿ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕ್ತು, ನಮ್ಮ ಹಾಡು ಹಂಚಬೇಡಿ ಅಂತ. ದುಡ್ಡಿನ ಲೆಕ್ಕದಲ್ಲಿ ಅವರ ವಾದ ಸರಿಯೇ ಇರಬಹುದು. ಆದರೂ ಮೇಲೆ ಹತ್ತಿದ ಮೇಲೆ ಏಣಿ ಎಳೆದುಕೊಳ್ಳೋದು ಅಂತ ನಮ್ಮಲ್ಲಿ ಮಾತಿದೆಯಲ್ಲ.

ಹಾಗೆಯೇ "ಗುಲ್ಬರ್ಗಾದಲ್ಲಿ ಫ್ಲಾಯ್ಡಾ" ಅಂದವನಿಗೆ ಇನ್ನೊಂದು ಹೇಳಬೇಕಿತ್ತು, ಆಗ ಗೊತ್ತಿರಲಿಲ್ಲ. ಈ ದೇಶದ ರಾಕ್ ಪ್ರಿಯರು ವರ್ಷಗಟ್ಟಲೆ ಕಾದು ಓದ್ತಿದ್ದ ಪತ್ರಿಕೆ ರಾಕ್ ಸ್ಟ್ರೀಟ್ ಜರ್ನಲ್. ಅದು 1993ರಲ್ಲಿ ಶುರುವಾದದ್ದು ಮುಂಬೈಯಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ. ಅಲಹಾಬಾದಿನಲ್ಲಿ. ಅಮಿತ್ ಸೈಗಲ್ ಅನ್ನುವವರು ಗಂಗೆ ಯಮುನೆ ಕೂಡುವ ಊರಿನಲ್ಲಿ ಕೂತು ಅದನ್ನು ನಡೆಸಿದರು. ಊರಿನ ಹೆಸರು ಕೇಳಿ ಹುಬ್ಬು ಏರಿಸುವವರಿಗೆ ತಾವು ಓದಿ ಬೆಳೆದ ಪತ್ರಿಕೆಯ ವಿಳಾಸವೇ ಗೊತ್ತಿರಲ್ಲ.

ಗೇಟು ಕಾಯುವವರು ಇಂಗ್ಲಿಷ್ ಕಡೆ ಮಾತ್ರ ಇದ್ದಾರೆ ಅಂದುಕೊಳ್ಳಬೇಡಿ. ಈಚೆ ಕಡೆಯ ಗೇಟಿನಲ್ಲೂ ನಿಂತಿದ್ದಾರೆ. ರಘು ದೀಕ್ಷಿತ್ ತಮ್ಮ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಹಿಡಿದು ಹಾಡಿದಾಗ, ಶರೀಫರನ್ನು ಕೆಡಿಸಿಬಿಟ್ಟ ಅಂತ ಕೊರಗಿದ ಹಿರಿಯರನ್ನು ನಾನೇ ಕಂಡಿದ್ದೀನಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ನಮ್ಮ ತನಕ ಬಂದದ್ದು ಭಜನೆಯವರ ಬಾಯಿಂದ ಬಾಯಿಗೆ, ಪ್ರತಿ ಊರಿನಲ್ಲೂ ಸ್ವಲ್ಪ ಸ್ವಲ್ಪ ಬದಲಾಗಿ. ಅಲ್ಲಿ ಗಿಟಾರೊಂದು ಬಂದರೆ ಆಕಾಶ ಬೀಳುತ್ತಾ?

ನಮ್ಮೂರಿನಲ್ಲೂ ಭಜನೆ ಇತ್ತು. ಅಮಾವಾಸ್ಯೆ ರಾತ್ರಿ ಹನುಮಪ್ಪನ ಗುಡಿ ಕಟ್ಟೆ ಮೇಲೆ ಏಕತಾರಿ, ದಮ್ಮಡಿ, ತಾಳ, ಒಂದು ಹಳೇ ಹಾರ್ಮೋನಿಯಂ. ಕಡಕೋಳ ಮಡಿವಾಳಪ್ಪನವರ ಪದ, ಚನ್ನೂರ ಜಲಾಲಸಾಬರ ಪದ, ಶರೀಫರ ಪದ. ಬೇರೆ ಊರಿನಿಂದ ಅಳಿಯನೋ ಬೀಗನೋ ಬಂದು ಕೂತರೆ, "ನಿಮ್ಮೂರಾಗ ಯಾವ ಪದ ಹಾಡ್ತೀರಿ, ಒಂದ್ ಹೇಳ್ರಿ" ಅಂತಿದ್ದರು. ಅದೂ ಪ್ರಶ್ನೆಯೇ. ಆದರೆ ಅದು ಅವನ ಹತ್ತಿರ ಇರೋದನ್ನು ಇಸಗೊಳ್ಳುವ ಪ್ರಶ್ನೆ. ಅವನು ಹಾಡಿದರೆ, "ಇನ್ನೊಮ್ಮೆ" ಅಂತಿದ್ದರು. ಎರಡನೇ ಸಲಕ್ಕೆ ಅರ್ಧ ಜನ ಹಿಂದೆ ಹಾಡ್ತಿದ್ದರು. ಇನ್ನೊಂದು ಮಾತು, ನನ್ನ ಕಸುಬಿನವರಿಗಾಗಿ: ಈ "ಅನ್‌ನೋನ್ ಆರ್ಟಿಸ್ಟ್" ಸಮಸ್ಯೆಯನ್ನು ನಮ್ಮ ಪದಕಾರರು ಬಹಳ ಹಿಂದೆಯೇ ಬಗೆಹರಿಸಿದ್ದರು. ಕೊನೆಯ ನುಡಿಯಲ್ಲಿ ಅಂಕಿತ. ಶರೀಫರದ್ದಾದರೆ ಶಿಶುನಾಳಧೀಶ ಬಂದೇ ಬರ್ತಾನೆ. ಮೆಟಾಡೇಟಾ ಹಾಡಿನೊಳಗೇ ಇದೆ, ಎಷ್ಟು ಸಲ ಕಾಪಿ ಮಾಡಿದರೂ ಅಳಿಸಿಹೋಗಲ್ಲ.

ಅಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮಕ್ಕ ಇದನ್ನು ಓದಿ ಫೋನ್ ಮಾಡ್ತಾಳೆ. ಆ ಕಟ್ಟೆಗೂ ಗೇಟಿತ್ತು. ಹೆಣ್ಣುಮಕ್ಕಳು ಕಟ್ಟೆ ಹತ್ತುವ ಹಾಗಿರಲಿಲ್ಲ. ನಮ್ಮಕ್ಕನಿಗೆ ಆ ಭಜನೆಯ ಎಲ್ಲ ಗಂಡಸರಿಗಿಂತ ಹೆಚ್ಚು ಪದ ಬರ್ತಿದ್ದವು, ಗೋಡೆಯ ಆಚೆ ಕೂತು ಕೇಳಿ ಕಲಿತದ್ದು. ಒಂದು ದಿನವೂ ಯಾರೂ ಕರೆಯಲಿಲ್ಲ. ಊರ ಹೊರಗಿನ ಓಣಿಯವರಂತೂ ಗೋಡೆಯ ತನಕವೂ ಬರ್ತಿರಲಿಲ್ಲ. ಹಾಗಾಗಿ ಹಳ್ಳಿ ಒಳ್ಳೆಯದು, ಬೆಂಗಳೂರು ಕೆಟ್ಟದ್ದು ಅಂತ ಅಲ್ಲ. ಲಿಫ್ಟಿನ ಹುಡುಗಿಗೆ ಕೇಳಿದ ಪ್ರಶ್ನೆಯನ್ನು ಅದೇ ಟೀ ಶರ್ಟ್ ಹಾಕಿದ ಹುಡುಗನಿಗೆ ಯಾಕೆ ಕೇಳಲ್ಲ ಅಂತ ಯೋಚಿಸಿದರೆ, ಆ ಕಟ್ಟೆ ಮತ್ತು ಆ ಲಿಫ್ಟು ಅಷ್ಟೇನೂ ದೂರ ಇಲ್ಲ.

ಈಗ ನನ್ನ ಪಾಲಿನ ಕತೆ. ಹೇಳೋಕೆ ಮನಸ್ಸಿಲ್ಲ, ಆದರೂ.

2016ರಲ್ಲಿ ನಮ್ಮ ಟೀಮಿಗೆ ಶಹಾಪುರ ಕಡೆಯ ಹುಡುಗನೊಬ್ಬ ಸೇರಿದ. ನಮ್ಮ ಕಡೆಯ ಮಾತು, ನನ್ನನ್ನು ಅಣ್ಣಾ ಅಂತಿದ್ದ. ಲ್ಯಾಪ್‌ಟಾಪಿನ ಮೇಲೆ ಲಿಂಕಿನ್ ಪಾರ್ಕ್ ಸ್ಟಿಕ್ಕರು. ನಮ್ಮ ದೇಶದ ಸಣ್ಣ ಊರುಗಳ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ರಾಕ್ ಅಂದರೆ ಮೊದಲು ಕಿವಿಗೆ ಬೀಳುವುದು ಅದೇ. ನಾವು, ಅಂದರೆ ಮೆಟಲ್ ಕೇಳುವ ಪಂಡಿತರು, ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಒಂದಿನ ಎಲ್ಲರ ಎದುರಿಗೆ ನಾನು ಅವನಿಗೆ ಅಂದೆ: "ಲಿಂಕಿನ್ ಪಾರ್ಕು ಪಿಯುಸಿ ಮುಗಿದ ಮೇಲೆ ಬಿಡಬೇಕಪ್ಪಾ. ಅದು ರಾಕ್ ಅಲ್ಲ, ಹಲ್ಲುನೋವಿಗೆ ಅಳೋದು." ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಅವನೂ ನಕ್ಕ. ಆ ವಾರವೇ ಸ್ಟಿಕ್ಕರು ಕಿತ್ತಿದ್ದ. ಅಂಟು ಪೂರ್ತಿ ಹೋಗಿರಲಿಲ್ಲ, ಅರ್ಧ ಬಿಳಿ ಕಾಗದ ಲ್ಯಾಪ್‌ಟಾಪಿಗೇ ಉಳಿದಿತ್ತು.

2017ರ ಮೇ 18ಕ್ಕೆ ಕ್ರಿಸ್ ಕಾರ್ನೆಲ್ ತೀರಿಕೊಂಡ, ಸೌಂಡ್‌ಗಾರ್ಡನ್ ಬ್ಯಾಂಡಿನ ಗಾಯಕ. ಪಂಡಿತರ ಪಟ್ಟಿಯಲ್ಲಿ ಇದ್ದವನು. ನಾವು ಸೇರಿ ಶೋಕ ಆಚರಿಸಿದೆವು, ಅವನದೇ ಹಾಡು ಹಾಕಿಸಿಕೊಂಡು ರಾತ್ರಿಯೆಲ್ಲ ಕೂತೆವು. ನಾನು ಉದ್ದನೆಯದೊಂದು ಬರೆದೆ, ಬಹಳ ಜನ ಮೆಚ್ಚಿದರು. ಅದೇ ವಾರ ಆ ಹುಡುಗ ನನಗೊಂದು ಲಿಂಕ್ ಕಳಿಸಿದ. "ಅಣ್ಣಾ, ಇದು ಕಾರ್ನೆಲ್ ಸಲುವಾಗಿ ಹಾಡಿದ್ದು, ಒಮ್ಮೆ ಕೇಳ್ರಿ." ಲಿಂಕಿನ್ ಪಾರ್ಕ್ ಅಂತ ಹೆಸರು ಕಂಡಿತು. ತೆರೆಯಲಿಲ್ಲ. ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆ.

ಜುಲೈ 20ಕ್ಕೆ ಲಿಂಕಿನ್ ಪಾರ್ಕಿನ ಚೆಸ್ಟರ್ ಬೆನ್ನಿಂಗ್ಟನ್ ಹೋದ. ಅವತ್ತು ಕಾರ್ನೆಲ್ ಹುಟ್ಟಿದ ದಿನ. ಇಬ್ಬರೂ ಗೆಳೆಯರು. ಮರುದಿನ ಶುಕ್ರವಾರ, ಹುಡುಗ ಆಫೀಸಿಗೆ ಬಂದಿದ್ದ, ಸ್ಕ್ರೀನ್ ನೋಡ್ತಾ ಕೂತಿದ್ದ. ಹನ್ನೊಂದು ಗಂಟೆಯ ತನಕ ಒಂದು ಸಾಲು ಕೋಡ್ ಬರೆದಿರಲಿಲ್ಲ. ನಾನು ಹತ್ತಿರ ಹೋಗಿ, "ಏನಾಯ್ತು?" ಅಂದೆ. ಗೊತ್ತಿದ್ದೂ ಕೇಳಿದೆ. ಹೆಡ್‌ಫೋನ್ ತೆಗೆದು, "ಏನಿಲ್ಲಣ್ಣಾ, ಹಂಗೇ" ಅಂದ. ಅವನ ಹದಿನೈದನೇ ವಯಸ್ಸಿನಿಂದ ಜೊತೆಗಿದ್ದ ದನಿ ಹೋಗಿತ್ತು. ಅಳೋಕೆ ಆ ಆಫೀಸಿನಲ್ಲಿ ಅವನಿಗೆ ಜಾಗ ಇರಲಿಲ್ಲ. ಎರಡು ತಿಂಗಳ ಹಿಂದೆ ನನಗೆ ಇತ್ತು.

ರಾತ್ರಿ ಮನೆಗೆ ಹೋಗಿ ಆ ಲಿಂಕ್ ಹುಡುಕಿ ತೆರೆದೆ. ಕಾರ್ನೆಲ್ ಹೋದ ದಿನವೇ ಟೀವಿ ಕಾರ್ಯಕ್ರಮವೊಂದರಲ್ಲಿ ಬೆನ್ನಿಂಗ್ಟನ್ ಅವನಿಗೆ ಅರ್ಪಿಸಿ ಹಾಡಿದ "ಒನ್ ಮೋರ್ ಲೈಟ್". ದನಿ ಅಲ್ಲಲ್ಲಿ ಒಡೆಯುತ್ತೆ. ನಾನು ಕಾರ್ನೆಲ್ ಬಗ್ಗೆ ಬರೆದ ಅಷ್ಟುದ್ದದ ಬರಹ ಆ ಹಾಡಿನ ಒಂದು ಉಸಿರಿಗೆ ಸಮ ಇರಲಿಲ್ಲ. ಸೋಮವಾರ ಹುಡುಗನಿಗೆ, "ಆ ಹಾಡು ಕೇಳಿದೆನೋ" ಅಂದೆ. "ಹೌದ್ರೀ?" ಅಂದ, ಅಷ್ಟೇ. ಆಮೇಲೆ ಅವನು ನನಗೆ ಯಾವ ಹಾಡನ್ನೂ ಕಳಿಸಲಿಲ್ಲ. ಒಂದು ವರ್ಷಕ್ಕೆ ಬೇರೆ ಕಂಪನಿ ಸೇರಿ ಹೈದರಾಬಾದಿಗೆ ಹೋದ.

ಪರೀಕ್ಷಕರ ಪರವಾಗಿ ಒಂದು ವಾದ ಇದೆ, ಅದು ಪೂರ್ತಿ ಪೊಳ್ಳಲ್ಲ. ಏನೂ ಗೊತ್ತಿಲ್ಲದೆ ಟೀ ಶರ್ಟ್ ಹಾಕೋದು ಫ್ಯಾಷನ್ ಅಷ್ಟೇ, ಸಂಗೀತಕ್ಕೆ ಒಂದು ಆಳ ಇದೆ, ತಿಳಿದು ಕೇಳೋರಿಗೂ ಸುಮ್ಮನೆ ಕೇಳೋರಿಗೂ ವ್ಯತ್ಯಾಸ ಬೇಡವೇ ಅಂತ. ಬೇಕು. ಸಿಡ್ ಬ್ಯಾರೆಟ್ ಕತೆ ಗೊತ್ತಾದ ಮೇಲೆ ರೇಡಿಯೋ ಹಾಡು ನನಗೆ ಇನ್ನೂ ದೊಡ್ಡದಾಯ್ತು. ಆದರೆ ಆ ಕತ್ತಲೆಯ ಮಾಳಗಿ ಮೇಲೆ ಏನೂ ಗೊತ್ತಿಲ್ಲದೆ ಕೇಳಿದೆನಲ್ಲ, ಅದಿಲ್ಲದಿದ್ದರೆ ಈ ಕತೆ ಹುಡುಕೋಕೆ ಹೋಗ್ತಿದ್ದೆನೇ? ತಿಳಿದವರು ತಿಳಿದದ್ದನ್ನು ಕೊಡಲಿ. ಕೊಡುವ ಮೊದಲು ಅರ್ಹತೆ ಯಾಕೆ ಅಳೀತೀರಿ? ಜಗಳ ಬೇಕಾದರೆ ಹಾಡಿನ ಬಗ್ಗೆ ಆಡೋಣ. ಲಿಂಕಿನ್ ಪಾರ್ಕಿನ ಎಷ್ಟೋ ಹಾಡು ನನಗೆ ಈಗಲೂ ಒಂದೇ ರಾಗದಲ್ಲಿ ಗೋಳಾಡಿದಂತೆಯೇ ಕೇಳಿಸ್ತವೆ, ಅದನ್ನು ನಾನು ಯಾರ ಎದುರಿಗೂ ಹೇಳ್ತೀನಿ. ಅವನು ತಿರುಗಿ ಬೈಯಲಿ. ಆ ಹುಡುಗನಿಗೆ ನಾನು ಹೇಳಿದ್ದು ಅದಲ್ಲ. ಹಾಡು ಹೀಗಿದೆ ಅನ್ನಲಿಲ್ಲ, ನೀನು ಇನ್ನೂ ಪಿಯುಸಿ ಅಂದೆ.

ಈಗ ಈ ಕಷ್ಟ ಇಲ್ಲ, ಆ್ಯಪ್ ಇದೆ ಅಂತೀರಿ. 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಇಂಡಿಯಾಕ್ಕೆ ಬಂದಾಗಿನಿಂದ ನನ್ನ ಹತ್ತಿರವೂ ಇದೆ. ಅದು ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳಲ್ಲ, ನಗಲ್ಲ, ಅದು ಖರೇ. ಆದರೆ ನಾನು ನಿನ್ನೆ ಕೇಳಿದ್ದರ ಅಕ್ಕಪಕ್ಕದ್ದನ್ನೇ ಇವತ್ತು ಕೊಡುತ್ತೆ. ಭಾಯಿ ನನಗೆ ಕೊಟ್ಟದ್ದು ನನ್ನ ರುಚಿ ನೋಡಿ ಅಲ್ಲ, ಕಾರ್ಡಿನಲ್ಲಿ ಜಾಗ ಉಳಿದಿತ್ತು ಅಂತ. ಆ ಬುದ್ಧಿ ಯಾವ ಅಲ್ಗಾರಿದಮ್ಮಿಗೂ ಬಂದಿಲ್ಲ, ನಾನು ಅದೇ ಕೆಲಸದಲ್ಲಿರೋನು. ಇನ್ನು ನಮ್ಮ ಆಫೀಸಿನ ಮ್ಯೂಸಿಕ್ ಗ್ರೂಪು. ದಿನಕ್ಕೆ ಹತ್ತು ಲಿಂಕು, ಹತ್ತಕ್ಕೂ ಹೆಬ್ಬೆರಳು. ಯಾರೂ ಕೇಳಲ್ಲ. ಹಾಕಿದವನಿಗೂ ಗೊತ್ತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಲಬುರಗಿಯಲ್ಲಿ ಇಳಿದು ರೋಜಾಕ್ಕೆ ಹೋಗಿದ್ದೆ. ಭಾಯಿಯ ಅಂಗಡಿ ಇದೆ. ಕಂಪ್ಯೂಟರ್ ಇಲ್ಲ. ಗೋಡೆ ತುಂಬ ಮೊಬೈಲ್ ಕವರು, ಕೌಂಟರಿನ ಮೇಲೆ ಕ್ಯೂಆರ್ ಕೋಡು. ಗಡ್ಡ ಬಿಳಿಯಾಗಿದೆ. ಗುರುತು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕಾಯ್ತು. ನಾನು ಬಹಳ ಉತ್ಸಾಹದಿಂದ, ಭಾಯಿ ನೀವು ಕೊಟ್ಟ ಆ ಹಾಡು ಇಂಥವರದ್ದು, ಇಂಥ ವರ್ಷದ್ದು, ಅದರ ಹಿಂದೆ ಇಂಥ ಕತೆ ಅಂತ ಹತ್ತು ನಿಮಿಷ ಹೇಳಿದೆ. ಚಹಾ ತರಿಸಿ, "ಅಚ್ಛಾ, ಅಚ್ಛಾ" ಅಂತ ಕೇಳಿದರು. ಮುಗಿದ ಮೇಲೆ, "ಈಗ ಏನ್ ಕೇಳ್ಲಕತ್ತಿ?" ಅಂದರು.

ಅಲ್ಲಿಂದ ಊರಿಗೆ ಬಸ್ಸು. ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಒಂಬತ್ತನೇ ಕ್ಲಾಸು ಓದುವ ನಮ್ಮಣ್ಣನ ಮಗಳೂ ಹಬ್ಬಕ್ಕೆ ಜೊತೆಗಿದ್ದಳು. ಕೈಯಲ್ಲಿ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಅಣ್ಣ ಕೊಡಿಸಿದ ಫೋನು. ಮಹಾಗಾಂವ ಕ್ರಾಸ್ ಇನ್ನೂ ಬಂದಿರಲಿಲ್ಲ. "ಕಾಕಾ, ನೀವು ಬಿಟಿಎಸ್ ಕೇಳೀರಿ?" ಅಂದಳು. ಕೊರಿಯಾದ ಹುಡುಗರ ಗುಂಪು, ಗಿಟಾರಿಲ್ಲ, ಕುಣಿತ. ನನ್ನ ನಾಲಿಗೆಯ ತುದಿಗೆ ಬಂದ ಮಾತು ಏನು ಅಂತ ಇಲ್ಲಿಯ ತನಕ ಓದಿದ ನಿಮಗೆ ಗೊತ್ತು. ನುಂಗಿದೆ. "ಇಲ್ಲವಾ, ಯಾರದು?" ಅಂದೆ.

ಫೋಟೋ ತೆಗೆದು ತೋರಿಸಿದಳು. ಏಳು ಜನ. ಒಬ್ಬೊಬ್ಬರದ್ದೇ ಹೆಸರು ಹೇಳಿದಳು. ಆಮೇಲೆ ಇನ್ನೊಂದು ಫೋಟೋ ತೆಗೆದು, ಹೆಸರು ಮುಚ್ಚಿ, "ಇವ್ರೊಳಗ ಜಿಮಿನ್ ಯಾರ್ ಹೇಳ್ರಿ ನೋಡೂಣು" ಅಂದಳು. ನಾನು ಒಬ್ಬನನ್ನು ತೋರಿಸಿದೆ. ಅಲ್ಲ. ಇನ್ನೊಬ್ಬನನ್ನು ತೋರಿಸಿದೆ. ಅದೂ ಅಲ್ಲ. ಕೂದಲಿನ ಬಣ್ಣ ಫೋಟೋದಿಂದ ಫೋಟೋಗೆ ಬದಲಾಗಿದ್ದರೆ ಯಾರು ತಾನೇ ಗುರುತು ಹಿಡೀತಾರೆ? ಮೂರನೇ ಸಲವೂ ತಪ್ಪಿದಾಗ ಹಿಂದಿನ ಸೀಟಿನ ಅಜ್ಜಿಯೂ ಬಗ್ಗಿ ನೋಡಿ ನಕ್ಕಳು.

"ಏ ಕಾಕಾ, ನಿಮಗ ಆಗೂದಿಲ್ಲ ಬಿಡ್ರಿ" ಅಂತ ನಮ್ಮ ಹುಡುಗಿ ತನ್ನ ಇಯರ್‌ಫೋನಿನ ಒಂದು ತುದಿ ಕಿತ್ತು, ದಾವಣಿಗೆ ಒರೆಸಿ, ನನ್ನ ಕಿವಿಗಿಟ್ಟಳು. "ಹಾಡರೆ ಕೇಳ್ರಿ."